ಕೈಯಲ್ಲಿರುವ ಫೋನೇ ಗೇಮ್ ಕನ್ಸೋಲ್: ಬಟನ್ ಎಲ್ಲಿರಬೇಕೆಂದು ನಿರ್ಧರಿಸುವವರು ಯಾರು?

ಗೇಮ್ ಕಂಟ್ರೋಲರ್‌ನಲ್ಲಿ 'ಎ' ಬಟನ್ ಎಲ್ಲಿರಬೇಕು? ಬಲಗಡೆ ಎನ್ನುತ್ತದೆ ನಿಂಟೆಂಡೊ, ಕೆಳಗೆ ಎನ್ನುತ್ತದೆ ಎಕ್ಸ್‌ಬಾಕ್ಸ್. ಪ್ಲೇಸ್ಟೇಷನ್‌ನಲ್ಲಿ ಅಕ್ಷರಗಳೇ ಇಲ್ಲ, ಆಕೃತಿಗಳಷ್ಟೇ. ಗೇಮಿಂಗ್ ಪ್ರಿಯರು ಇದರ ಬಗ್ಗೆ ದಶಕಗಳಿಂದ ವಾದ ಮಾಡುತ್ತಲೇ ಇದ್ದಾರೆ. ಆದರೆ ನಮ್ಮ ಬಹುಪಾಲು ಆಟಗಾರರಿಗೆ ಈ ವಾದವೇ ಗೊತ್ತಿಲ್ಲ. ಅವರ ಕೈಯಲ್ಲಿರುವುದು ಮೊಬೈಲ್. ಅದರಲ್ಲಿ ಬಟನ್ ಇಲ್ಲ, ಬಟನ್‌ನ ಚಿತ್ರವಿದೆ ಅಷ್ಟೇ. ಆ ಚಿತ್ರವನ್ನು ಯಾರು, ಎಲ್ಲಿ ಇಡುತ್ತಾರೆ ಎಂಬುದು ಈಗ ಬರೀ ಆಟದ ಮಾತಾಗಿ ಉಳಿದಿಲ್ಲ. ಇದಕ್ಕೆ ಚೆನ್ನೈನ ಮಣಲಿಯೇ ಸಾಕ್ಷಿ.

ಹೆಬ್ಬೆರಳಿನ ಕಥೆ

ಕೈಯಲ್ಲಿ ಹಿಡಿದು ಆಡುವ ಸಾಧನಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ನಿಂಟೆಂಡೊದ ಗುನ್‌ಪೇ ಯೊಕೊಯಿ ಪ್ರಮುಖರು. 1982ರಲ್ಲಿ ಅವರು 'ಪ್ಲಸ್' ಆಕಾರದ ದಿಕ್ಕಿನ ಬಟನ್ ಅನ್ನು ಪುಟ್ಟ ಆಟಿಕೆಯೊಂದರಲ್ಲಿ ತಂದರು. 1989ರ ಗೇಮ್ ಬಾಯ್ ಅದನ್ನು ಮನೆಮಾತಾಗಿಸಿತು. 1990ರಲ್ಲಿ ಬಂದ ಸೂಪರ್ ಫ್ಯಾಮಿಕಾಮ್ ನಾಲ್ಕು ಬಟನ್‌ಗಳನ್ನು ವಜ್ರದ ಆಕಾರದಲ್ಲಿ ಜೋಡಿಸಿತು. ಇಂದಿನ ಎಲ್ಲ ಪ್ರಮುಖ ಕಂಟ್ರೋಲರ್‌ಗಳಲ್ಲೂ ಇರುವುದು ಅದೇ ಜೋಡಣೆ, ಹೆಸರುಗಳು ಮಾತ್ರ ಬೇರೆ.

ಈ ಹೆಸರುಗಳಿಂದ ಗೊಂದಲವೂ ಆಗಿದೆ. ಪ್ಲೇಸ್ಟೇಷನ್‌ನಲ್ಲಿ ಜಪಾನಿಯರಿಗೆ ವೃತ್ತವೆಂದರೆ 'ಸರಿ', ಗುಣಿಸು ಚಿಹ್ನೆ ಎಂದರೆ 'ಬೇಡ'. ಹೊರದೇಶಗಳಲ್ಲಿ ಇದು ತಿರುಗುಮುರುಗು. 2020ರಲ್ಲಿ ಪಿಎಸ್5 ಬಂದಾಗ ಎಲ್ಲೆಡೆ ಗುಣಿಸು ಚಿಹ್ನೆಯೇ 'ಸರಿ' ಎಂದಾಯಿತು. ಬೆರಳು ಒಮ್ಮೆ ಕಲಿತದ್ದನ್ನು ಸುಲಭವಾಗಿ ಮರೆಯುವುದಿಲ್ಲ. ಆದ್ದರಿಂದಲೇ ಕಂಪನಿಗಳು ಬಟನ್‌ನ ಜಾಗ ಬದಲಿಸಲು ಹೆದರುತ್ತವೆ.

ನಮಗೇಕೆ ಕನ್ಸೋಲ್ ಒಗ್ಗಲಿಲ್ಲ?

ಇಲ್ಲಿ ಅಭಿರುಚಿಗಿಂತ ಬೆಲೆಯದೇ ದೊಡ್ಡ ಪ್ರಶ್ನೆ. 2023ರಲ್ಲಿ ಭಾರತಕ್ಕೆ ಬಂದ ಆಸುಸ್ ಆರ್‌ಒಜಿ ಅಲೈ ಬೆಲೆ 69,990 ರೂಪಾಯಿ. ಸೋನಿಯ ಪ್ಲೇಸ್ಟೇಷನ್ ಪೋರ್ಟಲ್ 2024ರಲ್ಲಿ 18,990 ರೂಪಾಯಿಗೆ ಬಂತು. ಆದರೆ ಅದು ಮನೆಯ ಪಿಎಸ್5ನಲ್ಲಿ ನಡೆಯುವ ಆಟವನ್ನು ವೈಫೈ ಮೂಲಕ ತೋರಿಸುವ ಪರದೆ ಎಂದೇ ಮಾರುಕಟ್ಟೆಗೆ ಬಂದದ್ದು. 2017ರ ನಿಂಟೆಂಡೊ ಸ್ವಿಚ್ ಇಲ್ಲಿ ಅಧಿಕೃತವಾಗಿ ಬಿಡುಗಡೆಯಾಗಲೇ ಇಲ್ಲ. ಬೇಕಾದವರು ಹೊರಗಿನಿಂದ ತರಿಸಿದ್ದನ್ನೇ ಕೊಳ್ಳಬೇಕಾಯಿತು. ವಿಪರ್ಯಾಸವೆಂದರೆ, ಪುಣೆಯ ತಂಡ ರೂಪಿಸಿದ 'ರಾಜಿ' ಎಂಬ ನಮ್ಮದೇ ಪುರಾಣಲೋಕದ ಆಟ 2020ರ ಆಗಸ್ಟ್‌ನಲ್ಲಿ ಮೊದಲು ಬಂದದ್ದು ಅದೇ ಸ್ವಿಚ್‌ಗೆ!

ಫೋನ್ ಮಾತ್ರ ಹೇಗೂ ಕೈಯಲ್ಲಿದೆ. ಅದರಲ್ಲೇ ಮಾತು, ಅದರಲ್ಲೇ ಸಿನಿಮಾ, ಅದರಲ್ಲೇ ಆಟ. ಜೊತೆಗೆ ಅದರಲ್ಲೇ ಯುಪಿಐ. ಕೊನೆಯ ಈ ಅಂಶವೇ ಎಲ್ಲವನ್ನೂ ಬದಲಿಸಿತು.

ಗಾಜಿನ ಮೇಲಿನ ಬಟನ್

ಬಿಜಿಎಂಐನಂಥ ಶೂಟಿಂಗ್ ಆಟಗಳಲ್ಲಿ ಬಟನ್ ಎಲ್ಲಿರಬೇಕೆಂದು ಆಟಗಾರನೇ ನಿರ್ಧರಿಸುತ್ತಾನೆ. ಎರಡೇ ಹೆಬ್ಬೆರಳಲ್ಲಿ ಆಡುವವರಿದ್ದಾರೆ, ನಾಲ್ಕು ಬೆರಳನ್ನು ಉಗುರಿನಂತೆ ಬಾಗಿಸಿ ಆಡುವವರೂ ಇದ್ದಾರೆ. ಗುಂಡು ಹಾರಿಸುವ ಬಟನ್ ಹಿಗ್ಗಿಸಬಹುದು, ಜಿಗಿಯುವುದನ್ನು ಮೂಲೆಗೆ ತಳ್ಳಬಹುದು. ತಮ್ಮ ಜೋಡಣೆಯ ಕೋಡ್ ಅನ್ನು ಗೆಳೆಯರಿಗೆ ಕಳಿಸಲೂಬಹುದು. ಕಾಲ್ ಆಫ್ ಡ್ಯೂಟಿ ಮೊಬೈಲ್ 2019ರಲ್ಲಿ ಕಂಟ್ರೋಲರ್‌ಗೆ ಅವಕಾಶ ಕೊಟ್ಟಾಗ, ಕಂಟ್ರೋಲರ್ ಬಳಸುವವರನ್ನು ಅಂಥವರ ಜೊತೆಗೇ ಆಡಿಸುವ ವ್ಯವಸ್ಥೆ ಮಾಡಿತು. ಬಟನ್‌ನ ಲಾಭ ಅಷ್ಟು ದೊಡ್ಡದು.

ಹಣ ಹಾಕುವ ಬಟನ್‌ನ ವಿಷಯ ಹಾಗಲ್ಲ. ಅದು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಸೋತ ತಕ್ಷಣ ಕಣ್ಣಿಗೆ ಬೀಳಬೇಕೇ ಎಂಬುದನ್ನೆಲ್ಲ ಕಂಪನಿಯೇ ನಿರ್ಧರಿಸುತ್ತದೆ. ಆಡುವ ಬೆರಳೇ ಅದನ್ನೂ ಒತ್ತುತ್ತದೆ.

ಮಣಲಿಯಿಂದ ಸಂಸತ್ತಿನವರೆಗೆ

2022ರ ಜೂನ್‌ನಲ್ಲಿ ಮಣಲಿ ಪುದುನಗರದ ಮಹಿಳೆಯೊಬ್ಬರು ಆನ್‌ಲೈನ್ ರಮ್ಮಿಯಲ್ಲಿ ಹಣ, ಒಡವೆ ಕಳೆದುಕೊಂಡು ಪ್ರಾಣ ಬಿಟ್ಟರು. ತಮಿಳುನಾಡು ತಲ್ಲಣಿಸಿತು. ಕೆಲವೇ ದಿನಗಳಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ನೇತೃತ್ವದ ಸಮಿತಿ ರಚನೆಯಾಯಿತು, 2023ರ ಏಪ್ರಿಲ್‌ನಲ್ಲಿ ಕಾನೂನು ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕಾನೂನನ್ನು ಎತ್ತಿಹಿಡಿದರೂ ರಮ್ಮಿ, ಪೋಕರ್ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಕರ್ನಾಟಕದ 2021ರ ನಿಷೇಧವನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿಯಲ್ಲೇ ರದ್ದುಪಡಿಸಿತ್ತು.

2025ರ ಆರಂಭದಲ್ಲಿ ತಮಿಳುನಾಡು ಬೇರೆ ದಾರಿ ಹಿಡಿಯಿತು. ಹಣದ ಆಟಗಳಿಗೆ 18 ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ಮಧ್ಯರಾತ್ರಿಯಿಂದ ಬೆಳಗ್ಗೆ 5ರವರೆಗೆ ಆಟವಿಲ್ಲ ಎಂದಿತು. ಒಂದು ಗಂಟೆಗಿಂತ ಹೆಚ್ಚು ಆಡಿದರೆ ಪ್ರತಿ 30 ನಿಮಿಷಕ್ಕೊಮ್ಮೆ ಪರದೆಯ ಮೇಲೆ ಎಚ್ಚರಿಕೆ ಮೂಡಬೇಕು ಎಂದೂ ಹೇಳಿತು. ಅಂದರೆ ಆಟದ ಪರದೆಯ ಮೇಲೆ ಏನಿರಬೇಕೆಂದು ಸರ್ಕಾರವೇ ಹೇಳಲು ಹೊರಟಿತು. ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಈ ನಿಯಮಗಳನ್ನು ಎತ್ತಿಹಿಡಿಯಿತು.

ಎರಡೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹಣದ ಆಟವನ್ನೇ ನಿಷೇಧಿಸುವ ಕಾಯ್ದೆ ತಂದಿತು. ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಇಂಥ ಆಟ ಒದಗಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ. ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಸಿಕ್ಕಿತು.

ಉಳಿದ ಪ್ರಶ್ನೆ

ನಿಷೇಧ ತಟ್ಟುವುದು ಪಣಕ್ಕಿಟ್ಟು ಗೆಲ್ಲುವ ಹಣಕ್ಕೆ. ಆಟದೊಳಗೆ ಬಟ್ಟೆ, ಬಂದೂಕಿನ ಬಣ್ಣ, ನಾಣ್ಯ ಕೊಳ್ಳುವ ವ್ಯಾಪಾರ ಹಾಗೆಯೇ ಇದೆ. ಅಲ್ಲಿ ಖರೀದಿಯ ಬಟನ್ ಎಷ್ಟು ಹತ್ತಿರವಿರಬೇಕು, ಎಚ್ಚರಿಕೆ ಯಾವಾಗ ಬರಬೇಕು? ತಮಿಳುನಾಡು ಕೇಳಿದ್ದ ಈ ಪ್ರಶ್ನೆ ಹಣದ ಆಟಗಳಿಗಷ್ಟೇ ಸೀಮಿತವಾಗಿತ್ತು. ಆ ಆಟಗಳೇ ನಿಂತ ಮೇಲೆ ಪ್ರಶ್ನೆಯೂ ಬದಿಗೆ ಸರಿಯಿತು. ಅದನ್ನು ಎಲ್ಲ ಆಟಗಳಿಗೂ ಕೇಳಬೇಕಾದ ಹೊತ್ತಿದು.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಕೆಲಸ ಮಾಡಬಹುದು. ಮಕ್ಕಳು ಆಡುವ ಫೋನ್‌ನಲ್ಲಿ ಯುಪಿಐ ಬೇಡ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಸೆಟ್ಟಿಂಗ್ ಬದಲಿಸಿ. ಆಟದ ಬಟನ್ ಮಗುವಿನ ಕೈಯಲ್ಲಿರಲಿ, ಹಣದ ಬಟನ್ ನಿಮ್ಮ ಕೈಯಲ್ಲಿರಲಿ.

(ಆಟದ ಚಟ ಕೈಮೀರಿದೆ ಎನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ನಡೆಯುತ್ತಿರುವ 'ಶಟ್' ಕ್ಲಿನಿಕ್ ಇದೆ. ಮಾನಸಿಕ ಒತ್ತಡಕ್ಕೆ ಟೆಲಿ-ಮಾನಸ್ ಉಚಿತ ಸಹಾಯವಾಣಿ: 14416.)