ಎಂಜಿನಿನ ಕೊಳೆಗೆ ಸೀಸೆಯ ಮದ್ದು

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ವಾಲ್ಕೂರ್ ಎಂಬುದೊಂದು ಸಣ್ಣ ಊರು. ೧೯೩೪ರ ಚಳಿಗಾಲದಲ್ಲಿ ಆ ಊರಿನ ಯಂತ್ರಕುಶಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬಾತನ ಎಳೆಯ ಮಗು ಕಾಯಿಲೆಯಿಂದ ತೀರಿಕೊಂಡಿತು. ಹಾದಿಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದುದರಿಂದ ಮಗುವನ್ನು ಆಸ್ಪತ್ರೆಗೆ ಒಯ್ಯಲು ಸಾಧ್ಯವಾಗಿರಲಿಲ್ಲ. ಹಿಮದ ಮೇಲೆ ಓಡುವ ವಾಹನಕ್ಕಾಗಿ ಮೊದಲಿನಿಂದಲೂ ಪ್ರಯೋಗ ನಡೆಸುತ್ತಿದ್ದ ಆತ ೧೯೩೭ರಲ್ಲಿ ತನ್ನ ವಾಹನದ ಪಟ್ಟಿಚಾಲನೆಗೆ ಪೇಟೆಂಟ್ ಪಡೆದನು. ೧೯೫೯ರಲ್ಲಿ ‘ಸ್ಕೀ-ಡೂ’ ಎಂಬ ಹಗುರವಾದ ಹಿಮಗಾಡಿಯನ್ನು ಮಾರುಕಟ್ಟೆಗೆ ತಂದನು. ಮುಂದೆ ಜಾರುಪಟ್ಟಿಗಳು, ಹಿಂದೆ ಸುತ್ತುತ್ತಿರುವ ರಬ್ಬರಿನ ಅಗಲಪಟ್ಟಿ, ನಡುವೆ ಒಂದು ಪೆಟ್ರೋಲ್ ಎಂಜಿನು: ಸ್ನೋಮೊಬೈಲ್ ಎಂದು ಕರೆಯಲಾಗುವ ಗಾಡಿಯ ಸ್ವರೂಪ ಇಷ್ಟೇ.

ಈ ಗಾಡಿ ಇಂದು ವಿನೋದದ ವಾಹನವೆಂದೇ ಹೆಚ್ಚು ಪ್ರಸಿದ್ಧವಾಗಿದೆ. ಆದರೆ ಸಿಯಾಚೆನ್ ಹಿಮನದಿಯಲ್ಲಿ ನಮ್ಮ ಸೈನಿಕರೂ ಇಂತಹ ಗಾಡಿಗಳನ್ನು ಬಳಸುತ್ತಾರೆ. ಜನವಸತಿಯಿಂದ ಹತ್ತಾರು ಮೈಲಿ ದೂರದಲ್ಲಿ, ನೀರೂ ಕಲ್ಲಾಗುವ ಚಳಿಯಲ್ಲಿ, ಎಂಜಿನು ಹಠಾತ್ತನೆ ನಿಂತುಹೋದರೆ ಸವಾರನ ಗತಿಯೇನು? ಅಲ್ಲಿ ಎಂಜಿನಿನ ಶುಚಿತ್ವವೆಂಬುದು ಪ್ರಾಣರಕ್ಷಣೆಯ ಪ್ರಶ್ನೆ. ಈ ಭಯವನ್ನರಿತ ವ್ಯಾಪಾರಿಗಳು ಪೆಟ್ರೋಲಿಗೆ ಬೆರೆಸುವ ಬಗೆಬಗೆಯ ದ್ರವಗಳನ್ನು ಸೀಸೆಗಳಲ್ಲಿ ತುಂಬಿ ಮಾರುತ್ತಾರೆ. ಇವುಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದು ತಪ್ಪು; ಕಣ್ಣುಮುಚ್ಚಿ ನಂಬುವುದೂ ತಪ್ಪು. ಯಾವ ಕೊಳೆಗೆ ಯಾವ ಮದ್ದು ಎಂಬುದನ್ನು ಅರಿಯದೆ ಸೀಸೆಯ ಬಿರಡೆಯನ್ನು ತೆಗೆಯಬಾರದೆಂಬುದೇ ನನ್ನ ಅಭಿಪ್ರಾಯ.

ಎಂಜಿನಿನ ಕೊಳೆ ಒಂದೇ ಬಗೆಯದಲ್ಲ. ಮೊದಲನೆಯದು ಪೆಟ್ರೋಲಿನ ಅಂಟು. ಪೆಟ್ರೋಲು ನೂರಾರು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಬೇಸಗೆಯಲ್ಲೆಲ್ಲ ಹಿಮಗಾಡಿ ಕೊಟ್ಟಿಗೆಯಲ್ಲಿ ನಿಂತಿರುವಾಗ, ಕಾರ್ಬೊರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನ ಹಗುರವಾದ ಅಂಶಗಳು ಆವಿಯಾಗುತ್ತವೆ. ಉಳಿದವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಗೋಂದಿನಂತಹ ವಸ್ತುವಾಗುತ್ತವೆ. ಸೂಜಿಯ ಮೊನೆಯಷ್ಟು ಕಿರಿದಾದ ರಂಧ್ರಗಳನ್ನು ಈ ಅಂಟು ಮುಚ್ಚಿತೆಂದರೆ ಎಂಜಿನಿಗೆ ಪೆಟ್ರೋಲು ಸಾಲದಾಗುತ್ತದೆ. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಓಡಿಸುವ ಎಂಜಿನಿನಲ್ಲಿ ಪೆಟ್ರೋಲು ಕಡಿಮೆಯಾದಂತೆ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ನು ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ಮೂಲೆಗಿಡುವ ಮೊದಲೇ ಹೊಸ ಪೆಟ್ರೋಲಿಗೆ ಆಮ್ಲಜನಕದ ಕ್ರಿಯೆಯನ್ನು ತಡೆಯುವ ದ್ರವವನ್ನು ಬೆರೆಸಿ ಎಂಜಿನನ್ನು ಸ್ವಲ್ಪ ಹೊತ್ತು ಓಡಿಸಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಬಟ್ಟಲನ್ನು ಬರಿದುಮಾಡಿಡುವುದೂ ಒಂದು ಮಾರ್ಗ. ಆದರೆ ಅಂಟು ಒಣಗಿ ಗಟ್ಟಿಯಾದಮೇಲೆ ಅದೇ ದ್ರವವನ್ನು ಸುರಿದರೆ ಫಲವೇನು? ಒಡೆದ ಹಾಲು ಕಾಯಿಸಿದರೆ ಕೂಡುವುದಿಲ್ಲ. ಆಗ ಕಾರ್ಬೊರೇಟರನ್ನು ಬಿಚ್ಚಿ ತೊಳೆಯುವುದೇ ದಾರಿ.

ಎರಡನೆಯದು, ಪೆಟ್ರೋಲು ಒಳಗೆ ಹರಿದುಬರುವ ದಾರಿಯ ಕೊಳೆ. ಇದನ್ನು ಕಳೆಯಲು ಪಾಲಿಈಥರ್ ಅಮೈನ್ ಮೊದಲಾದ ವಸ್ತುಗಳನ್ನು ಬಳಸುತ್ತಾರೆ. ಇವು ಕೆಲಸ ಮಾಡುವ ಕ್ರಮ ನಮ್ಮ ಅಂಟುವಾಳಕಾಯಿಯ ನೊರೆಯ ಕ್ರಮವನ್ನೇ ಹೋಲುತ್ತದೆ. ಅಣುವಿನ ಒಂದು ತುದಿ ಕೊಳೆಯನ್ನೂ ಲೋಹವನ್ನೂ ಹಿಡಿದುಕೊಳ್ಳುತ್ತದೆ. ಉದ್ದವಾದ ಬಾಲ ಪೆಟ್ರೋಲಿನಲ್ಲಿ ಕರಗುತ್ತದೆ. ಹೀಗೆ ಕೊಳೆಯ ಕಣ ಕಿತ್ತುಬಂದು ಪೆಟ್ರೋಲಿನೊಡನೆ ಸಾಗಿಹೋಗುತ್ತದೆ. ಇದು ಸುಳ್ಳಲ್ಲ, ಪರೀಕ್ಷಿತವಾದ ರಸಾಯನಶಾಸ್ತ್ರ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೯೫ರಿಂದ ಮಾರಾಟದ ಪೆಟ್ರೋಲಿನಲ್ಲೆಲ್ಲ ಇಂತಹ ಶೋಧಕ ವಸ್ತು ಇರಲೇಬೇಕೆಂದು ನಿಯಮವಾಯಿತು. ಆದರೆ ನೊರೆ ತಗುಲಿದ ಬಟ್ಟೆ ಮಾತ್ರ ಶುಚಿಯಾಗುವಂತೆ, ಪೆಟ್ರೋಲು ದ್ರವರೂಪದಲ್ಲಿ ತೋಯಿಸುವ ಭಾಗದಲ್ಲಿಯೇ ಇದರ ಮುಖ್ಯ ಪ್ರಭಾವ. ನಾಲ್ಕು ಹೊಡೆತದ ಎಂಜಿನಿನ ಒಳಹರಿವಿನ ಕವಾಟಕ್ಕೆ ಇದರಿಂದ ಬಹಳ ಪ್ರಯೋಜನವುಂಟು. ಎರಡು ಹೊಡೆತದ ಸಾಮಾನ್ಯ ಎಂಜಿನಿನಲ್ಲಿ ಅಂತಹ ಕವಾಟವೇ ಇಲ್ಲ!

ಮೂರನೆಯದು ಮಸಿ. ಬಹುಕಾಲ ಹಿಮಗಾಡಿಗಳಲ್ಲಿ ಹೆಚ್ಚಾಗಿ ಬಳಕೆಯಾದುದು ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನು. ೧೯೬೦ರ ದಶಕದಿಂದ ೧೯೯೬ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ದಿ ಮೋಟರ್‌ಸೈಕಲ್ಲುಗಳಲ್ಲಿಯೂ ಈ ಜಾತಿಯ ಎಂಜಿನುಗಳೇ ಇದ್ದುವು. ಸೈಲೆನ್ಸರಿನ ಮಸಿಯನ್ನು ಕೆರೆಸುವ ಕೆಲಸ ಅವುಗಳ ಒಡೆಯರಿಗೆ ಚಿರಪರಿಚಿತ. ಇಲ್ಲಿ ಎಣ್ಣೆಯೂ ಪೆಟ್ರೋಲಿನೊಡನೆ ಉರಿಯುತ್ತದೆ. ಅರೆಬೆಂದ ಎಣ್ಣೆ ಪಿಸ್ಟನ್ ಬಳೆಗಳ ಗಾಡಿಯಲ್ಲಿಯೂ ಹೊಗೆ ಹೊರಡುವ ದ್ವಾರದಲ್ಲಿಯೂ ಇದ್ದಿಲಾಗಿ ಕೂರುತ್ತದೆ. ಕಾರಣ ಎಣ್ಣೆಯಾದುದರಿಂದ ಮೊದಲ ಚಿಕಿತ್ಸೆಯೂ ಎಣ್ಣೆಯಲ್ಲಿಯೇ ಆಗಬೇಕು. ಜಪಾನಿನ ಮಾನಕದಲ್ಲಿ ಎಣ್ಣೆಯ ಶೋಧಕಗುಣವನ್ನು ಮಾತ್ರವಲ್ಲ, ಅದು ಎಷ್ಟು ಹೊಗೆಯೆಬ್ಬಿಸುತ್ತದೆ, ಹೊಗೆಯ ದಾರಿಯನ್ನು ಎಷ್ಟು ಕಟ್ಟುತ್ತದೆ ಎಂಬುದನ್ನೂ ಅಳೆದು ದರ್ಜೆ ಕೊಡುತ್ತಾರೆ. ಕೀಳು ಎಣ್ಣೆಯನ್ನು ಅಳತೆಯಿಲ್ಲದೆ ಸುರಿದು, ಅದರ ದೋಷವನ್ನು ಸೀಸೆಯ ದ್ರವ ನಿವಾರಿಸಲೆಂದು ಬಯಸುವುದು ಅಪಥ್ಯ ಮಾಡಿ ಔಷಧ ಕುಡಿದಂತೆ.

ಸತ್ಯಾಂಶವಿರುವ ವಸ್ತುವನ್ನೂ ಉತ್ಪ್ರೇಕ್ಷೆ ಹೇಗೆ ಕೆಡಿಸುತ್ತದೆಂಬುದಕ್ಕೆ ೧೯೭೦ರ ಒಂದು ಪ್ರಸಂಗ ನಿದರ್ಶನ. ಅಮೆರಿಕದ ಷೆವ್ರಾನ್ ಪೆಟ್ರೋಲಿಗೆ ‘ಎಫ್-೩೧೦’ ಎಂಬ ಶೋಧಕವನ್ನು ಬೆರೆಸಿ ಜಾಹೀರಾತು ಕೊಟ್ಟರು. ಕಾರಿನ ಹೊಗೆಕೊಳವೆಗೆ ಪಾರದರ್ಶಕವಾದ ಬಲೂನನ್ನು ಕಟ್ಟಲಾಗಿತ್ತು. ಮೊದಲು ಅದರಲ್ಲಿ ಕಪ್ಪು ಹೊಗೆ ತುಂಬಿತು; ಹೊಸ ಪೆಟ್ರೋಲನ್ನು ಬಳಸಿದಮೇಲೆ ಬಲೂನು ತಿಳಿಯಾಗಿ ಕಂಡಿತು. ಆದರೆ ಮೊದಲ ಪ್ರಯೋಗದ ಎಂಜಿನನ್ನು ಬೇಕೆಂದೇ ಕೊಳಕುಮಾಡಲಾಗಿತ್ತು. ಅಲ್ಲದೆ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣದ ಅನಿಲ. ತಿಳಿಯಾದ ಬಲೂನಿನಲ್ಲಿಯೂ ವಿಷವಿರಬಲ್ಲದು. ಆ ದೇಶದ ವ್ಯಾಪಾರ ಆಯೋಗ ಈ ಜಾಹೀರಾತು ಮೋಸಗೊಳಿಸುವಂಥದೆಂದು ೧೯೭೪ರಲ್ಲಿ ನಿರ್ಣಯಿಸಿತು. ೧೯೭೮ರಲ್ಲಿ ನ್ಯಾಯಾಲಯ ಆಜ್ಞೆಯ ವ್ಯಾಪ್ತಿಯನ್ನು ಕಿರಿದುಗೊಳಿಸಿದರೂ ಆ ನಿರ್ಣಯವನ್ನು ಒಪ್ಪಿತು.

ಎಂಜಿನಿನ ಒಡಲು ಶುಚಿಯಾದರೆ ಗಾಳಿಯೂ ಶುಚಿಯಾಗುವುದೆಂಬ ಭ್ರಮೆಯನ್ನೂ ಬಿಡಬೇಕು. ಹಳೆಯ ಎರಡು ಹೊಡೆತದ ಎಂಜಿನುಗಳಲ್ಲಿ ಪೆಟ್ರೋಲಿನ ಕಾಲುಭಾಗಕ್ಕೂ ಮಿಕ್ಕಿ ಉರಿಯದೆಯೇ ಹೊರಗೆ ಹೋಗಬಲ್ಲದು. ಅದು ರಚನೆಯ ದೋಷ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಹಿಮಗಾಡಿಗಳ ಹೊಗೆ ಎಷ್ಟು ದಟ್ಟವಾಯಿತೆಂದರೆ, ಕಾವಲುಗಾರರ ಕೋಣೆಗೆ ಶುದ್ಧವಾದ ಗಾಳಿಯನ್ನು ಯಂತ್ರದಿಂದ ಊದಬೇಕಾಯಿತು. ಅದಕ್ಕೆ ಪರಿಹಾರ ದೊರೆತದ್ದು ಗಾಡಿಗಳ ಸಂಖ್ಯೆಗೆ ಮಿತಿಯಿಟ್ಟುದರಿಂದ, ನಾಲ್ಕು ಹೊಡೆತದ ಎಂಜಿನು ಮೊದಲಾದ ಉತ್ತಮ ರಚನೆಗಳಿಂದ. ಇನ್ನು, ಎಂಜಿನಿಗೆ ಹಿತವಾದುದು ಮನುಷ್ಯನಿಗೂ ಹಿತವೆನ್ನುವಂತಿಲ್ಲ. ಎಂಜಿನಿನ ಬಡಿತವನ್ನು ತಡೆಯಲೆಂದು ೧೯೨೦ರ ದಶಕದಲ್ಲಿ ಪೆಟ್ರೋಲಿಗೆ ಬಂದ ಸೀಸದ ಸಂಯುಕ್ತ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಜೊತೆಗೆ ಜನರ ರಕ್ತಕ್ಕೂ ಸೇರಿತು. ನಮ್ಮ ದೇಶ ಅದನ್ನು ಬಿಟ್ಟದ್ದು ೨೦೦೦ದಲ್ಲಿ.

ಇಂತಹ ಸೀಸೆಗಳು ಈಗ ನಮ್ಮ ಪೆಟ್ರೋಲ್ ಬಂಕುಗಳಲ್ಲಿಯೂ ದೊರೆಯುತ್ತವೆ. ಆದುದರಿಂದ ಹಿಮವನ್ನೇ ಕಾಣದ ವಿದ್ಯಾರ್ಥಿಗಳಿಗೂ ಈ ವಿಚಾರ ಪ್ರಯೋಜನಕಾರಿ. ಇದು ಯಾವ ಕೊಳೆಗೆ? ಆ ಕೊಳೆಯಿರುವ ಸ್ಥಳವನ್ನು ಈ ದ್ರವ ಮುಟ್ಟುವುದೇ? ಇದನ್ನು ಬೆರೆಸದ ಎಂಜಿನಿನೊಡನೆ ಹೋಲಿಸಿ ನೋಡಿದ್ದಾರೆಯೇ? ಇವುಗಳಿಗೆ ಉತ್ತರವನ್ನು ಸೀಸೆಯ ಮೇಲೆಯೇ ಅಚ್ಚುಮಾಡಬೇಕೆಂದು ಕಾನೂನು ವಿಧಿಸುವುದು ಉಚಿತ. ಅಲ್ಲಿಯವರೆಗೆ ಆ ಪ್ರಶ್ನೆಗಳನ್ನು ಅಂಗಡಿಯವನ ಮುಂದಿಡುವ ಹೊಣೆ ಕೊಳ್ಳುವವನದು. ಹೊಸ ಪೆಟ್ರೋಲು, ತಕ್ಕ ಎಣ್ಣೆ, ಕಾಲಕಾಲಕ್ಕೆ ಬಿಚ್ಚಿ ನೋಡುವ ಅಭ್ಯಾಸ ಇವು ಮೊದಲು. ಸೀಸೆಯ ಮದ್ದು ಅನಂತರ.