ಗೆದ್ದ ಹಣದ ಲೆಕ್ಕ

ಜೂಜಿನಲ್ಲಿ ಗೆದ್ದ ಹಣವನ್ನು ದಾಸೋಹಕ್ಕೆ ಸಲ್ಲಿಸಬಹುದೇ ಎಂಬ ಪ್ರಶ್ನೆ ಈಚೆಗೆ ಶ್ರೀಮಠಕ್ಕೆ ಬರುವ ಭಕ್ತರಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. ಬಸವನಗುಡಿಯವರು ಸುತ್ತುಬಳಸಿ ಕೇಳುತ್ತಾರೆ, ಮಲ್ಲೇಶ್ವರದವರು ಬೇರೆಯವರ ವಿಷಯವೆಂಬಂತೆ ಕೇಳುತ್ತಾರೆ. ಚಾಮರಾಜಪೇಟೆಯ ಸದ್ಭಕ್ತರೊಬ್ಬರಂತೂ ಹಣದ ಕಟ್ಟನ್ನೇ ತಟ್ಟೆಯಲ್ಲಿರಿಸಿ, ಮೇಲೊಂದು ಬಿಲ್ವಪತ್ರೆಯಿಟ್ಟು ತಂದರು. ನಾವು ಅದನ್ನು ಸ್ವೀಕರಿಸಲಿಲ್ಲ. ಏಕೆಂಬುದನ್ನು ಎಲ್ಲ ಭಕ್ತರಿಗೂ ಬಿಡಿಸಿ ಹೇಳುವುದು ಉಚಿತವೆಂದು ಭಾವಿಸಿ ಈ ವಾರ ಇದನ್ನೇ ಎತ್ತಿಕೊಂಡಿದ್ದೇವೆ.

ಹಳ್ಳಿಯ ಹಿರಿಯರಿಗೆ ಜೂಜೆಂದರೆ ಯುಗಾದಿಯ ಹೊತ್ತಿನಲ್ಲಿ ಅರಳಿಕಟ್ಟೆಯ ಮೇಲೆ ಹಾಸಿದ ಕಂಬಳಿ, ಸುತ್ತ ಕುಳಿತ ಹತ್ತು ಜನ, ಅಂದರ್-ಬಾಹರ್. ಅದೂ ತಪ್ಪೇ. ಆದರೆ ಅಲ್ಲಿ ಸೋತವನ ಮುಖ ಗೆದ್ದವನಿಗೆ ಕಾಣುತ್ತಿತ್ತು. ಎತ್ತು ಮಾರಿದ ದುಡ್ಡು ಹೋಯಿತೆಂದರೆ ಗದರಿಸಿ ಎಬ್ಬಿಸಲು ಒಬ್ಬ ಪಟೇಲನಿರುತ್ತಿದ್ದ. ಈಗಿನ ಮಕ್ಕಳು ಹಿಡಿದಿರುವುದು ಯಂತ್ರದ ಇಸ್ಪೀಟು. ವಿಡಿಯೋ ಪೋಕರ್ ಎನ್ನುತ್ತಾರೆ. ಎದುರಿಗೆ ಗಾಜಿನ ಪರದೆ. ಗುಂಡಿಯೊತ್ತಿದರೆ 52 ಎಲೆಗಳಲ್ಲಿ ಐದು ಮೂಡುತ್ತವೆ. ಬೇಕಾದ್ದನ್ನು ಹಿಡಿದುಕೊಂಡು ಬೇಡದ್ದನ್ನು ಬಿಟ್ಟರೆ ಅವುಗಳ ಬದಲು ಬೇರೆ ಬರುತ್ತವೆ. ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಕೂಡಿ ಬಂದರೆ ಜಾಕ್‌ಪಾಟ್. ಗುಲಾಮನ ಜೋಡಿಯಿಂದ ಗೆಲುವು ಆರಂಭವಾಗುವುದು ಒಂದು ಬಗೆ. ಎರಡರ ಎಲೆಗಳನ್ನು ಜೋಕರ್ ಮಾಡಿಕೊಳ್ಳುವುದು ಮತ್ತೊಂದು ಬಗೆ. ನಾಲ್ಕು ಎಕ್ಕ ಬಂದರೆ ಹೆಚ್ಚು ಕೊಡುವ ಬೋನಸ್ ಬಗೆಗಳೂ ಉಂಟು. ಎಷ್ಟು ಬಗೆಯಿದ್ದರೂ ಎದುರಾಳಿ ಮನುಷ್ಯನಲ್ಲ. ಸೋತವರ ಮುಖ ಎಲ್ಲೂ ಕಾಣುವುದಿಲ್ಲ.

ಇದು ಬೆಂಗಳೂರಿಗೆ ತೀರ ಹೊಸದೇನೂ ಅಲ್ಲ. ಇಲ್ಲಿನ ವಿಡಿಯೋ ಗೇಮ್ ಅಂಗಡಿಗಳು ಪರವಾನಗಿ ಪಡೆಯಲೇಬೇಕೆಂದು ಪೊಲೀಸರು ಪಟ್ಟುಹಿಡಿದಾಗ ಮಾಲೀಕರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 1995ರ ಏಪ್ರಿಲ್‌ನಲ್ಲಿ ಬಂದ ತೀರ್ಪು ಪರವಾನಗಿ ಬೇಕೇ ಬೇಕೆಂದಿತು; ಯಂತ್ರದ ಒಳಗನ್ನು ತಿದ್ದಿಬಿಟ್ಟರೆ ಆಡುವವನ ಜಾಣ್ಮೆಗೆ ಬೆಲೆಯಿಲ್ಲವೆಂಬುದನ್ನೂ ಎತ್ತಿ ತೋರಿಸಿತು. 2007ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಲಾಟರಿಯೂ ನಿಂತಿತು. ಆದರೆ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಪಣಜಿ. ಗೋವೆಯ ಸರ್ಕಾರ 1992ರಲ್ಲೇ ಕಾಯಿದೆ ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಇಂಥ ಯಂತ್ರಗಳಿಗೆ ಎಡೆಗೊಟ್ಟಿತು. ಮುಂದೆ ಮಾಂಡೋವಿ ನದಿಯಲ್ಲಿ ಹಡಗಿನ ಕ್ಯಾಸಿನೊಗಳೂ ನಿಂತವು. ಅದೇ ಗೋವೆ 2020ರ ಫೆಬ್ರವರಿಯಲ್ಲಿ ತನ್ನ ರಾಜ್ಯದ ಜನ ಕ್ಯಾಸಿನೊದೊಳಗೆ ಆಡಲು ಹೋಗಕೂಡದೆಂದು ಕಟ್ಟುನಿಟ್ಟು ಮಾಡಿತು. ತನ್ನ ಮನೆಯ ಮಕ್ಕಳಿಗೆ ಬೇಡವೆಂದು ಬಾಗಿಲು ಹಾಕಿದ ಅಡುಗೆಯನ್ನು ನೆರೆಮನೆಯ ಮಕ್ಕಳಿಗೆ ಬಡಿಸುವ ರೀತಿ ಇದು. ಉಣ್ಣಲು ಹೋಗುವವರು ಇದನ್ನಾದರೂ ಗಮನಿಸಬಾರದೇ?

ಮಠಾಧಿಪತಿಗಳಿಗೆ ಇಸ್ಪೀಟಿನ ಲೆಕ್ಕ ಹೇಗೆ ತಿಳಿಯಿತೆಂದು ಕೆಲವರು ನಗಬಹುದು. ಮಲ್ಲೇಶ್ವರದ ಲೆಕ್ಕಪರಿಶೋಧಕ ಶಿಷ್ಯರೊಬ್ಬರು ಒಂದು ಸಂಜೆಯೆಲ್ಲ ಕುಳಿತು ಕಾಗದದ ಮೇಲೆ ಬರೆದು ತೋರಿಸಿದರು. ಆ ಐದು ರಾಜಯೋಗದ ಎಲೆಗಳು, ಎಲೆ ಬದಲಿಸಿಕೊಳ್ಳುವ ಅವಕಾಶವಿದ್ದೂ, ಸುಮಾರು 40,000 ಆಟಗಳಿಗೊಮ್ಮೆ ಕೂಡಿಬರುತ್ತವೆ. ಕಟ್ಟಿದ್ದರ 800 ಪಟ್ಟು ಕೊಡುತ್ತಾರೆ. ಒಂದು ಆಟಕ್ಕೆ 500 ರೂಪಾಯಿ ಕಟ್ಟುವವನಿಗೆ ಬರುವುದು 4 ಲಕ್ಷ. 40,000 ಆಟಗಳಲ್ಲಿ ಅವನು ಯಂತ್ರದೊಳಗೆ ತಿರುಗಿಸುವುದು 2 ಕೋಟಿ. ನಡುನಡುವೆ ಸಣ್ಣ ಗೆಲುವುಗಳು ಹಿಂದಿರುಗುತ್ತವೆ, ನಿಜ. ಅವು ಇರುವುದೇ ಅವನನ್ನು ಕುರ್ಚಿಯಿಂದ ಏಳಗೊಡದಿರಲು. ಗೋಡೆಗಂಟಿಸಿದ ಬಹುಮಾನದ ಪಟ್ಟಿಯಲ್ಲಿ ಎರಡೇ ಅಂಕಿ ಬದಲಿಸಿದರೂ ಸಾಕು: ಗುಲಾಮನ ಜೋಡಿಯ ಆಟದಲ್ಲಿ ಮೂರು ಒಂದು, ಎರಡು ಒಂದು ಎಲೆ ಕೂಡಿದಾಗ ಒಂಬತ್ತರ ಬದಲು ಎಂಟು ಪಟ್ಟು, ಐದೂ ಒಂದೇ ಜಾತಿಯಾದಾಗ ಆರರ ಬದಲು ಐದು ಪಟ್ಟು ಕೊಟ್ಟರೆ, ನೂರಕ್ಕೆ ಅರ್ಧ ರೂಪಾಯಿಯಷ್ಟಿದ್ದ ಯಂತ್ರದ ಪಾಲು ಎರಡು ಮುಕ್ಕಾಲು ರೂಪಾಯಿಯ ಹತ್ತಿರಕ್ಕೆ ಏರುತ್ತದೆ. ಅದೂ ಒಂದೆಲೆಯೂ ತಪ್ಪದಂತೆ ಆಡುವವನಿಗೆ. ನಿದ್ದೆಗೆಟ್ಟು ಕುಡಿದು ಆಡುವವನ ಲೆಕ್ಕವನ್ನು ಶಿಷ್ಯರು ಬರೆಯಲೇ ಇಲ್ಲ.

ಜಾಕ್‌ಪಾಟ್ ಬಂದಾಗ ಏನಾಗುತ್ತದೆ? ದೀಪ ಮಿನುಗಿ ಯಂತ್ರ ನಿಲ್ಲುತ್ತದೆ. ಸಿಬ್ಬಂದಿ ಬಂದು ಗುರುತಿನ ಚೀಟಿ, ಪ್ಯಾನ್ ಕಾರ್ಡು ಕೇಳುತ್ತಾರೆ. ಕಾನೂನಿನಂತೆ ಇಂಥ ಗೆಲುವಿಗೆ ಶೇಕಡ 30 ತೆರಿಗೆ. ಅದರ ಮೇಲೆ ಶೇಕಡ 4 ಸೆಸ್. ಗೆದ್ದವನಿಗೆ ಬೇರೆ ಆದಾಯವೇ ಇಲ್ಲದಿದ್ದರೂ ವಿನಾಯಿತಿಯಿಲ್ಲ. 4 ಲಕ್ಷ ಬಂದರೆ ತೆರಿಗೆ 1,20,000, ಸೆಸ್ 4,800, ಉಳಿಯುವುದು 2,75,200. ಸೋತ ಹಣವನ್ನು ಇದರಲ್ಲಿ ಕಳೆಯಲು ಕಾನೂನು ಒಪ್ಪುವುದಿಲ್ಲವೆಂಬುದು ಬಹಳ ಜನಕ್ಕೆ ತಿಳಿಯದು. ಹೋಗಿಬರುವ ಖರ್ಚನ್ನೂ ಕಳೆಯುವಂತಿಲ್ಲ.

ತಟ್ಟೆ ಹಿಡಿದು ಬಂದ ಭಕ್ತರ ಸ್ಥಿತಿ ಇದೇ ಆಗಿತ್ತು. ಗೆದ್ದದ್ದು ಇಷ್ಟೇ ಹಣ. ಮೂರು ವರ್ಷಗಳಲ್ಲಿ ಎಷ್ಟು ಹೋಯಿತೆಂದು ನಾವು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, ಮೂರೂವರೆ ಲಕ್ಷವಿರಬಹುದು ಎಂದರು. ಹಾಗಾದರೆ ಗೆದ್ದ ಮೇಲೂ 74,800 ರೂಪಾಯಿ ಸೋಲಿನಲ್ಲಿದ್ದೀಯಲ್ಲ ತಮ್ಮಾ ಎಂದಾಗ ಅವರ ಮುಖ ನೋಡಲಾಗಲಿಲ್ಲ. ಆ ಲೆಕ್ಕವನ್ನು ಅವರು ಒಮ್ಮೆಯೂ ಹಾಕಿರಲಿಲ್ಲ. ಮನೆಯಾಕೆಯ ಬಳೆ, ಸರ ಇನ್ನೂ ಅಡವಿನಲ್ಲಿದ್ದವು. ಅವನ್ನು ಬಿಡಿಸುವ ಮೊದಲು ಮಠದ ನೆನಪು ಬಂದಿತ್ತು!

ಆದರೂ ಅವರು ಒಂದು ಮಾತು ಕೇಳಿದರು: "ಬುದ್ಧಿ, ಹುಂಡಿಗೆ ಬೀಳುವ ಹಣ ಎಲ್ಲಿಂದ ಬಂತೆಂದು ಕೇಳುತ್ತೀರಾ?" ಪ್ರಶ್ನೆ ನ್ಯಾಯವಾದದ್ದೇ. ಹುಂಡಿಗೆ ಕಣ್ಣಿಲ್ಲ, ನಮಗಿದೆ. ತಿಳಿಯದೆ ಬಂದು ಸೇರಿದ್ದು ಬೇರೆ, ತಿಳಿದೂ ಕೈಯೊಡ್ಡುವುದು ಬೇರೆ. ದಾಸೋಹವೆಂಬುದು ಕಾಯಕದ ಬೆನ್ನಿಗೇ ಬರುವ ಮಾತು; ಕಾಯಕವಿಲ್ಲದೆ ಬಂದದ್ದನ್ನು ಪಂಕ್ತಿಗೆ ಬಡಿಸಿದರೆ ಅದು ದಾಸೋಹವಾಗುವುದು ಹೇಗೆ? ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ತಾಯಿ ಅದನ್ನು ಒಲೆಗೇರಿಸಲಿಲ್ಲ; ತಂದಲ್ಲಿಗೇ ಹಿಂದಕ್ಕೆ ಸುರಿದು ಬರಲು ಹೇಳಿದರು. ಅದು ಕದ್ದ ಅಕ್ಕಿಯಲ್ಲ, ಜೂಜಿನ ಅಕ್ಕಿಯೂ ಅಲ್ಲ. ಆ ದಿನದ ಅಗತ್ಯಕ್ಕಿಂತ ಹೆಚ್ಚಾಗಿತ್ತು, ಅಷ್ಟೇ. ನಮ್ಮ ಮುಂದಿದ್ದ ತಟ್ಟೆಯಲ್ಲಾದರೋ ಮುಖ ಕಾಣದ ನೂರಾರು ಜನರ ಸೋಲಿತ್ತು. ಅವರಲ್ಲಿ ಯಾರ ಮನೆಯ ಒಡವೆ ಅಡವಿಗೆ ಹೋಗಿದೆಯೋ, ಯಾರ ಮಗಳ ಕಾಲೇಜಿನ ಶುಲ್ಕ ಉಳಿದಿದೆಯೋ, ಬಲ್ಲವರಾರು?

ಇನ್ನೊಂದು ಕಾರಣ ನಮ್ಮ ಮಟ್ಟಿಗೆ ಇದಕ್ಕಿಂತ ದೊಡ್ಡದು. ಮಠವು ಪಾಲು ತೆಗೆದುಕೊಂಡರೆ ಮುಂದಿನ ಸಲ ಅವರು ಗೋವೆಗೆ ಹೊರಡುವಾಗ ಹರಕೆ ಹೊತ್ತು ಹೊರಡುತ್ತಾರೆ. ಗೆದ್ದರೆ ದೇವರಿಗೆ ಇಷ್ಟು ಎಂದ ಕೂಡಲೇ ದೇವರೂ ಆ ಕುರ್ಚಿಯ ಪಕ್ಕ ಪಾಲುದಾರನಾಗಿ ಕುಳಿತಂತೆ. ಸೋಲನ್ನು ಮಾತ್ರ ಹೆಂಡತಿಯ ಹೆಸರಿಗೆ ಬರೆಯುವುದು!

ನಾವು ಹೇಳಿದ್ದು ಇಷ್ಟು. ಮೊದಲು ತೆರಿಗೆ ಕಡಿತದ ಪ್ರಮಾಣಪತ್ರವನ್ನು ಜೋಪಾನ ಮಾಡಿ, ಸೆಸ್ ಕಟ್ಟಿ, ರಿಟರ್ನ್ ಸಲ್ಲಿಸು. ಇಂದೇ ರಾತ್ರಿ ಮನೆಯಾಕೆಯ ಮುಂದೆ ಮೂರು ವರ್ಷದ ಲೆಕ್ಕವನ್ನೂ ಬಿಚ್ಚಿಡು. ಗೆದ್ದ ಸುದ್ದಿಯೊಂದನ್ನೇ ಹೇಳಬೇಡ. ಒಡವೆ ಬಿಡಿಸು, ಚೀಟಿಯ ಬಾಕಿ ತೀರಿಸು. ಉಳಿದದ್ದೇನಾದರೂ ಇದ್ದರೆ ಅದರ ಮೇಲಿನ ಅಧಿಕಾರ ಆ ತಾಯಿಯದು. ಇವುಗಳಿಗಿಂತಲೂ ಕಷ್ಟದ್ದೆಂದರೆ ಗೆದ್ದ ಮೇಲೆ ಮತ್ತೆ ಹೋಗದಿರುವುದು. ಸಭಾಪರ್ವದ ಕಥೆ ಕೇಳಿದವರು ಧರ್ಮರಾಯ ಸೋತದ್ದನ್ನು ಮಾತ್ರ ನೆನೆಯುತ್ತಾರೆ. ಧೃತರಾಷ್ಟ್ರನು ಕಳೆದದ್ದೆಲ್ಲವನ್ನೂ ಹಿಂದಿರುಗಿಸಿ ಕಳಿಸಿದ ಮೇಲೆ, ಅರ್ಧದಾರಿಯಿಂದ ಕರೆ ಬಂದಾಗ ಆತ ಮತ್ತೆ ಬಂದು ಹಾಸಿನ ಮುಂದೆ ಕುಳಿತನಲ್ಲವೇ? ಕಾಡಿಗೆ ಹೋದದ್ದು ಆ ಎರಡನೆಯ ಆಟದಿಂದ.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ಆನ್‌ಲೈನ್ ಜೂಜನ್ನು ತಡೆಯಲು 2021ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಜಾಣ್ಮೆಯೋ ಅದೃಷ್ಟವೋ ಎಂದು ಭೇದವೆಣಿಸದೆ, ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಅಧಿನಿಯಮವನ್ನು ಅಂಗೀಕರಿಸಿತು. ಒಳ್ಳೆಯದೇ. ಆದರೆ ಆ ಕಾನೂನು ಫೋನಿನೊಳಗಿನ ಆಟಕ್ಕೆ. ನದಿಯ ಮೇಲಿನ ಹಡಗಿಗಲ್ಲ. ಮನೆಯ ಹಿರಿಯರೇ, ಮಗನೋ ಮೊಮ್ಮಗನೋ ಸಿಹಿ ಹಂಚುತ್ತ ಬಂದು ಜಾಕ್‌ಪಾಟ್ ಹೊಡೆಯಿತೆಂದರೆ ಎಷ್ಟು ಬಂತೆಂದು ಕೇಳುವ ಮುನ್ನ ಈವರೆಗೆ ಎಷ್ಟು ಕಟ್ಟಿದ್ದೀಯೆಂದು ಕೇಳಿರಿ. ಬೈಯಬೇಡಿ, ಬೈದರೆ ಮುಂದಿನ ಸೋಲನ್ನು ಮುಚ್ಚಿಡುತ್ತಾನೆ. ಕಾಗದ, ಪೆನ್ಸಿಲು ಕೊಟ್ಟು ಕೂರಿಸಿ.

ಇಂಥ ಸಾಲದಲ್ಲಿ ಸಿಕ್ಕಿದ ಮನೆಯವರಿಗಾಗಿ, ಮೇಲೆ ಹೇಳಿದ ಲೆಕ್ಕಪರಿಶೋಧಕ ಶಿಷ್ಯರೂ ಒಬ್ಬ ವಕೀಲರೂ ಪ್ರತಿ ಸೋಮವಾರ ಸಂಜೆ ಮಠದ ಹಿಂದಿನ ಪಡಸಾಲೆಯಲ್ಲಿ ಕುಳಿತಿರಲು ಒಪ್ಪಿದ್ದಾರೆ. ಅಡವಿನ ಚೀಟಿ, ಬ್ಯಾಂಕಿನ ಪುಸ್ತಕ, ಸಾಲದ ಪತ್ರಗಳಿದ್ದರೆ ತರಬಹುದು. ಗಂಡನ ಜೊತೆಗೆ ಹೆಂಡತಿಯೂ ಬರಬೇಕು. ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ.