ನಿಧಾನವಾದದ್ದು ಕಂಪ್ಯೂಟರು, ಕನ್ನಡವಲ್ಲ



"ಸಾರ್, ಕನ್ನಡ ಸಾಲ್ಯಾಗಿನ ಕಂಪ್ಯೂಟರು ಚಾಲೂ ಆಗಾಕ ಹತ್ತು ನಿಮಿಷ ಬೇಕಂತ. ಹುಡುಗನ್ನ ಇಂಗ್ಲಿಷ್ ಮೀಡಿಯಂಗೆ ಹಾಕ್ಲೇನ್ರಿ?" ಎಂದು ಮಾಧವರಂನ ಪಾಲಕರೊಬ್ಬರು ಈಚೆಗೆ ಕೇಳಿದರು. ಅವರ ಆತಂಕ ನ್ಯಾಯವಾದುದೇ. ಆದರೆ ರೋಗ ಇರುವುದು ಹಾರ್ಡ್ ಡಿಸ್ಕಿನಲ್ಲಿ, ಭಾಷೆಯಲ್ಲಲ್ಲ.

ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ ಮುಳ್ಳೊಂದು ಅತ್ತಿತ್ತ ಓಡಾಡುತ್ತದೆ. ಒಂದೇ ಕಡತ ಚೂರುಚೂರಾಗಿ ಹತ್ತು ಕಡೆ ಬಿದ್ದಿದ್ದರೆ ಮುಳ್ಳು ಹತ್ತು ಕಡೆ ಓಡಬೇಕು. ಒಂದು ಪಾಠದ ಹಾಳೆಗಳನ್ನು ಹತ್ತು ಕಪಾಟಿನಲ್ಲಿ ಹುಡುಕಿದ ಹಾಗೆ. ರ‍್ಯಾಮ್ ಸಾಲದಿದ್ದರೆ ಅದರ ಹೊರೆಯೂ ಡಿಸ್ಕಿನ ಮೇಲೆಯೇ ಬೀಳುತ್ತದೆ.

ಮದ್ದು ಸುಲಭ. ಮೊದಲು ಮುಖ್ಯ ಕಡತಗಳ ನಕಲು ಬೇರೆಡೆ ಇಡಬೇಕು. ಬೇಡದ ಕಡತ ಅಳಿಸಿ, ಡಿಸ್ಕಿನ ಸುಮಾರು ಶೇ. 15 ಜಾಗ ಖಾಲಿ ಬಿಡಬೇಕು. ಯಂತ್ರದ ಜೊತೆಗೇ ತಾವಾಗಿ ಚಾಲೂ ಆಗುವ ಪ್ರೋಗ್ರಾಂಗಳನ್ನು ಕಡಿಮೆ ಮಾಡಬೇಕು. ಕೊನೆಗೆ ಡಿಫ್ರಾಗ್ ಮಾಡಿದರೆ ಚೂರುಗಳು ಒಂದೆಡೆ ಸೇರುತ್ತವೆ. ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ಮಾತ್ರ ಡಿಫ್ರಾಗ್ ಬೇಡ. ಅದು ಸಾಯುವ ಸೂಚನೆ. ಅಂಥದಕ್ಕೆ ಎಸ್ಎಸ್‌ಡಿ ಹಾಕಿಸುವುದೇ ಲೇಸು. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಡಿಫ್ರಾಗ್ ಅಗತ್ಯವೂ ಇಲ್ಲ. ಹಳೆಯ ಯಂತ್ರಕ್ಕೂ ಹೊಸ ಚುರುಕು ಬರುತ್ತದೆ.

ಇನ್ನು ಕನ್ನಡದ ಮಾತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ನಮ್ಮ ಲಿಪಿಗೆ ಸ್ಥಾನ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೂ ಕನ್ನಡ ಬರುತ್ತಿತ್ತು. ಉಚಿತ ಲಿನಕ್ಸ್‌ನಲ್ಲೂ ಬರುತ್ತದೆ. ಕನ್ನಡದಲ್ಲಿ ಟೈಪ್ ಮಾಡಲು ದುಬಾರಿ ಯಂತ್ರವೇ ಬೇಕೆಂದೇನಿಲ್ಲ.

1953ರಲ್ಲಿ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಮಕ್ಕಳ ಭಾಷೆಯನ್ನು ಇಲ್ಲಿ ನಾವೇ ಕಾಯಬೇಕಾಗಿದೆ. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಒಂದು ಯಂತ್ರದ ಆಲಸ್ಯಕ್ಕೆ ಆ ಸೌಲಭ್ಯವನ್ನು ನಾವೇ ಕೈಬಿಡುವುದೇ?

ಡಿಸ್ಕು ಸರಿಯಾದ ಮಾತ್ರಕ್ಕೆ ಕರೆಂಟು ಬಂದೀತು, ಶಿಕ್ಷಕರು ಬಂದಾರು ಎಂದು ನಾನು ಹೇಳುವುದಿಲ್ಲ. ಅವನ್ನೂ ಕೇಳೋಣ. ಆದರೆ ಮುಂದಿನ ಪಾಲಕರ ಸಭೆಗೆ ತಪ್ಪದೆ ಬನ್ನಿ, "ಕಂಪ್ಯೂಟರಿನ ಡಿಸ್ಕನ್ನು ಕೊನೆಗೆ ನೋಡಿದ್ದು ಯಾವಾಗ?" ಎಂದು ಕೇಳಿ. ಟಿ.ಸಿ. ಕೇಳುವುದಕ್ಕಿಂತ ಮೊದಲು ಈ ಪ್ರಶ್ನೆ ಕೇಳಿ ಎಂಬುದಷ್ಟೇ ನನ್ನ ವಿನಂತಿ.